ಪ್ರಾಜೆಕ್ಟಿಗೆ ಅಂಟಿಸಿದ ಲಗ್ನಪತ್ರಿಕೆ

ಹುನಗುಂದ, ಸೋಮವಾರ

ಮಾನ್ಯ ಮುಖ್ಯೋಪಾಧ್ಯಾಯರೇ,

ಹತ್ತನೆಯ ತರಗತಿಯ ನಾಗರತ್ನಾ ಬಾಲ್ಯವಿವಾಹದ ಪಾಠಕ್ಕೆ ಮಾಡಿದ ಪ್ರಾಜೆಕ್ಟ್ ನೋಡಿ ನೀವು ಅಂದದ್ದು: “ಆ ಹಾಳಿ ಹರದ ಒಗೀರಿ ಮೇಡಂ. ಎರಡ ಮಾರ್ಕಿನ ಪಾಠಕ್ಕ ಯಾಕಿಷ್ಟ ಹಠಾ?”

ಹರಿಯುವುದಿಲ್ಲ. ಆ ಹಾಳೆಯಲ್ಲಿರುವುದು ಅವಳ ಪಕ್ಕದಲ್ಲೇ ಕೂರುತ್ತಿದ್ದ ಶಿವಲೀಲಾಳ ಲಗ್ನಪತ್ರಿಕೆ. ಸುಖಾಗಮನ ಬಯಸುವವರಲ್ಲಿ ಮೊದಲ ಹೆಸರೇ ನಿಮ್ಮದು. ಎಂ.ಎ., ಬಿ.ಎಡ್. ಅನ್ನೂ ಬಿಟ್ಟಿಲ್ಲ, ಮುಖ್ಯೋಪಾಧ್ಯಾಯರು ಎಂಬುದನ್ನೂ ಬಿಟ್ಟಿಲ್ಲ. ನಾಗರತ್ನಾಳಿಗೆ ಪೂರ್ತಿ ಅಂಕ ಕೊಟ್ಟಿದ್ದೇನೆ. ನಮ್ಮ ಶಾಲೆಯಲ್ಲಿ ಸಮಾಜವಿಜ್ಞಾನ ಅರ್ಥವಾದದ್ದು ಅವಳೊಬ್ಬಳಿಗೇ.

ಒಂದು ಕೆಲಸ ಮಾಡಿ. ಶಿವಲೀಲಾಳ ಪರೀಕ್ಷೆಯ ಪ್ರವೇಶಪತ್ರ ಬಂದಿದೆ. ಕಲಾದಗಿಯ ಅವಳ ಗಂಡನ ಮನೆಗೆ ಹೋಗಿ ನೀವೇ ಮುಟ್ಟಿಸಿ. ಅಕ್ಷತೆ ಹಾಕಿ ಉಂಡು ಬಂದವರಿಗೆ ಆ ಮನೆ ಗೊತ್ತಿರುತ್ತದೆ.

ಲಗ್ನಪತ್ರಿಕೆಯ ನಕಲನ್ನು ಪೊಲೀಸ್ ಠಾಣೆಗೆ ನಾನು ಮುಟ್ಟಿಸಿ ಬಂದಿದ್ದೇನೆ.

ಇಂತಿ,
ಮುಬಶೀರಾ
ಸಮಾಜವಿಜ್ಞಾನ ಶಿಕ್ಷಕಿ