ಅಂಗಳ ದಾಟಲು ಒಂದು ಅಪ್ಪಣೆ

ಆದರೂ ಮಾನ್ಯ ವೈದ್ಯಾಧೀಕ್ಷಕರೇ, ನಿನ್ನೆ ನಿಮ್ಮ ಕೋಣೆಯಲ್ಲಿ ನನ್ನ ಮಾತು ಅರ್ಧಕ್ಕೇ ನಿಂತಿತು. ನಿಮಗೆ ಮೀಟಿಂಗ್ ಇತ್ತು. ಉಳಿದರ್ಧವನ್ನು ನಮ್ಮ ದೆಹಲಿ ಕನ್ನಡಿಗರ ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ. ನಿಮಗೆ ಕನ್ನಡ ಬಾರದು. ಓದಿ ಹೇಳುವವರು ಯಾರಾದರೂ ಸಿಕ್ಕಾರು. ನಿಮ್ಮ ಕ್ಷಯರೋಗದ ಆಸ್ಪತ್ರೆಯಲ್ಲಿ ಗಂಡ ಹೆಂಡತಿ ಇಬ್ಬರೂ ರೋಗಿಗಳಾದರೆ ಒಬ್ಬರನ್ನೊಬ್ಬರು ನೋಡುವಂತಿಲ್ಲ. ನೋಡಲು ಬರುವವರು ಆರೋಗ್ಯವಂತರಾಗಿರಬೇಕೆಂಬುದು ನಿಯಮ. ಕಾಲೇಜಿನಲ್ಲಿ ಲಾಜಿಕ್ ಓದಿದ್ದೆ: ಮೇಜರ್ ಪ್ರೆಮಿಸ್, ಮೈನರ್ ಪ್ರೆಮಿಸ್, ಅವೆರಡರಿಂದ ಹೊರಡಬೇಕಾದ ಮೂರನೆಯದು ಮರೆತಿದೆ. ನಿಮಗೂ ಮರೆತಂತಿದೆ.

ಎಪ್ಪತ್ತೆರಡರ ಚಳಿಗಾಲದಲ್ಲಿ ನಾನು ಗಂಡಸರ ವಾರ್ಡಿನಲ್ಲಿದ್ದೆ, ನನ್ನ ಸುಶೀಲೆ ಅಂಗಳದಾಚೆಯ ಹೆಂಗಸರ ವಾರ್ಡಿನಲ್ಲಿ. ಕೆಮ್ಮಿದರೆ ಪಕ್ಕೆಲುಬು ಬಿರಿಯುತ್ತಿತ್ತು. ಆಗಿನ ಇಂಜೆಕ್ಷನ್ನುಗಳಿಂದ ಕಿವಿಗೆ ಹತ್ತಿದ ಗುಂಯ್ ಸದ್ದು ಇವತ್ತಿಗೂ ಹೋಗಿಲ್ಲ. ಅದೆಲ್ಲ ಸಹಿಸಬಹುದು. ಅಂಗಳಕ್ಕಿಳಿದರೆ ಚೌಕೀದಾರ, "ಅರೇ ಬಾಬೂಜಿ, ನೀವೇ ಮರೀಜ್, ನಿಮಗೆಂಥ ಮುಲಾಕಾತ್?" ಎಂದು, ರೋಗಿಗೆ ರೋಗಿಯ ಭೇಟಿಯೆಂಥದೆಂದು ನಗುತ್ತಿದ್ದ. ಅವಳ ತಮ್ಮ ದತ್ತಾತ್ರೇಯ ಮಾತ್ರ ದಿನವೂ ಅಲ್ಲಿಂದ ಇಲ್ಲಿಗೆ ಸುದ್ದಿ ತರುತ್ತಿದ್ದ. "ಭಾವ, ಸ್ವೆಟರ್ ಹಾಕ್ಕೊಂಡಿದಾರಾ ಅಂತ ಕೇಳಿದ್ಳು ಅಕ್ಕ. ಇಲ್ದಿದ್ರೆ ಮಾತ್ರೆ ನುಂಗಿಯೂ ದಂಡವಂತೆ." ರೋಗ ಅಂಟಬಹುದಾಗಿದ್ದ ಅವನಿಗೆ ಎರಡೂ ಬಾಗಿಲು ತೆರೆದಿದ್ದವು, ಅಂಟಿಯಾಗಿದ್ದ ನನಗೆ ಮುಚ್ಚಿದ್ದವು. ನನ್ನಿಂದ ಅವಳಿಗೆ ಇನ್ನೇನು ಅಂಟಬೇಕಿತ್ತು, ಸ್ವಾಮಿ?

ಒಂದು ದಿನ ದತ್ತಾತ್ರೇಯ ಬಂದು ಮಂಚದ ಅಂಚಿಗೆ ಕುಳಿತ. "ಇವತ್ತೇನಂದಳೋ?" ಎಂದೆ. ಅವನು ನನ್ನ ಸ್ವೆಟರಿನ ಗುಂಡಿ ಹಾಕತೊಡಗಿದ.

ಮುಗಿದ ಕತೆ ಬಿಡಿ ಎನ್ನುತ್ತೀರಿ. ಮುಗಿದಿಲ್ಲ. ಕರೋಲ್ ಬಾಗಿನ ಹೋಟೆಲಿನಲ್ಲಿ ದೋಸೆ ಹುಯ್ಯುವ ಕಾಂತಪ್ಪ ಈಗ ನನ್ನದೇ ಹಳೆಯ ವಾರ್ಡಿನಲ್ಲಿದ್ದಾನೆ, ಅವನ ಹೆಂಡತಿ ಪುಷ್ಪಾವತಿ ಆಚೆಗಿದ್ದಾಳೆ. ನಾನು ಗುಣವಾದವನಲ್ಲವೇ, ಈಗ ನನಗೆ ಎರಡು ಕಡೆಗೂ ಪ್ರವೇಶವುಂಟು. ನಿನ್ನೆ ಅವಳ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ದಿಂಬಿಗೊರಗಿದರೂ ಏದುಸಿರು ನಿಲ್ಲುತ್ತಿರಲಿಲ್ಲ. ಕಾಂತಪ್ಪ ನನ್ನ ಕೈ ಹಿಡಿದು, "ರಾಯರೇ, ಅವಳು ಹೇಳಿದ್ದು ಬೇಡ, ನೀವು ಕಂಡದ್ದು ಹೇಳಿ" ಎಂದ. ಅಲ್ಲಿಂದ ನೇರ ನಿಮ್ಮ ಕೋಣೆಗೆ ಬಂದೆ. ಹೋಳಿ ಕಳೆಯಲಿ, ಕಮಿಟಿಯಲ್ಲಿ ಯೋಚಿಸೋಣ ಎಂದಿರಿ.

ಅವಳಿಗೆ ಹೋಳಿಯವರೆಗೆ ಉಸಿರಿದೆಯೇ ಎಂದು ಕಮಿಟಿಯನ್ನು ಕೇಳಿದ್ದೀರಾ? ನಿಯಮವನ್ನು ಆಮೇಲೆ ನಿಧಾನವಾಗಿ ತಿದ್ದಿಕೊಳ್ಳಿ. ಕಾಂತಪ್ಪನನ್ನು ನಾಳೆಯೇ ಅಂಗಳ ದಾಟಿಸಿ. ನಡೆಯಲಾರದಿದ್ದರೆ ನಾನು ಹಿಡಿದುಕೊಳ್ಳುತ್ತೇನೆ. ಇನ್ನೂ ಬರೆಯುವುದಿತ್ತು. ಬೆಳಕು ಇಳಿಯುತ್ತಿದೆ, ಕಾಗದದ ಗೆರೆ ಕಾಣುತ್ತಿಲ್ಲ.

ಇಂತಿ,
ತಮ್ಮ ಆಸ್ಪತ್ರೆಯಿಂದ ಒಬ್ಬನೇ ಗುಣವಾಗಿ ಮನೆಗೆ ಬಂದ
ಅಶ್ವತ್ಥನಾರಾಯಣ