ಆಲೂಗಡ್ಡೆಯ ಕೆಳಗಿನ ತುಂಡು

ಅಮ್ಮಾ,

ನಿನ್ನ ಮುದ್ದಿನ ಮಗ ಬೆಳಿಗ್ಗೆ ಫೋನಿನಲ್ಲಿ ಹೇಳಿದ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು. “ಹಂದಿಮಾಂಸದ ಮೇಲಿನ ಆ ಗರಿಗರಿ ಚರ್ಮ ನಂಗೆ ಸೇರ್ತಾನೇ ಇರ್ಲಿಲ್ಲ ಅಕ್ಕ. ಅಮ್ಮ ಬೇಜಾರು ಮಾಡ್ಕೋತಾಳೆ ಅಂತ ನುಂಗ್ತಿದ್ದೆ.”

ನೀನು ಬದುಕಿದ್ದಾಗ ಇದನ್ನು ಬಾಯಿಬಿಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಭಾನುವಾರ ಬಂತೆಂದರೆ ಆ ಚರ್ಮದ ಒಳ್ಳೆಯ ತುಂಡನ್ನು ನೀನು ಅವನ ತಟ್ಟೆಯ ಆಲೂಗಡ್ಡೆಯ ಕೆಳಗೆ ಬಚ್ಚಿಡುತ್ತಿದ್ದುದು ನನಗೆ ಗೊತ್ತಿತ್ತು. ನಾನೂ ನನ್ನ ಆಲೂಗಡ್ಡೆಗಳನ್ನು ಮಗುಚಿ ನೋಡುತ್ತಿದ್ದೆ. “ಏನೇ ಅದು ಕೆದಕೋದು? ಸುಮ್ನೆ ತಿನ್ನು” ಅನ್ನುತ್ತಿದ್ದೆ ನೀನು.

ಹಟಕ್ಕೆ ಬಿದ್ದು ಇವತ್ತು ಮನೆಮಂದಿಗೆಲ್ಲ ಆಗುವಷ್ಟು ಮಾಂಸ ತಂದೆ. ನಿನ್ನ ಹಾಗೆಯೇ ಚರ್ಮ ಗೀರಿ, ಉಪ್ಪು ತಿಕ್ಕಿ ಓವನ್ನಿನಲ್ಲಿಟ್ಟೆ. ಚರ್ಮ ಉಬ್ಬಿ ಹೊಂಬಣ್ಣಕ್ಕೆ ತಿರುಗಿತು. ತಿನ್ನುವವಳು ನಾನೊಬ್ಬಳೇ, ಪಾಲು ಕೇಳುವವರಿಲ್ಲ.

ಬಡಿಸಿಕೊಂಡು ಕೂತರೆ ತುತ್ತೆತ್ತಲು ಮನಸ್ಸು ಬರಲಿಲ್ಲ. ಎಲ್ಲಕ್ಕಿಂತ ಒಳ್ಳೆಯ ತುಂಡನ್ನು ಆರಿಸಿ ನನ್ನ ತಟ್ಟೆಯ ಆಲೂಗಡ್ಡೆಯ ಕೆಳಗೆ ಬಚ್ಚಿಟ್ಟೆ. ಆಮೇಲೆ ಎದ್ದು ಹೋಗಿ ಕೈ ತೊಳೆದುಕೊಂಡು, ಏನೂ ಗೊತ್ತಿಲ್ಲದವಳ ಹಾಗೆ ಬಂದು ಕೂತೆ.