ಚೌಕಟ್ಟಿನೊಳಗಿನ ಹರಳು

ಕಲ್ಯಾಣ್, 14 ನವೆಂಬರ್ 2013, ಗುರುವಾರ

ಗರಗಸದ ಬ್ಲೇಡ್ ತುಂಡಾದ ಸದ್ದು ಇನ್ನೂ ತಲೆಯಲ್ಲೇ ಇದೆ. ಅದರ ಚೂರು ಮಿಸ್ತ್ರಿ ಜಯಶೀಲನ ಕತ್ತಿನಿಂದ ಒಂದು ಗೇಣು ದೂರದಲ್ಲಿ ಹಾರಿ ತಗಡಿನ ಗೋಡೆಗೆ ಹೊಕ್ಕಿತು.

ತಪ್ಪು ನನ್ನದು. ಈಗ ನನ್ನ ಮರದ ಮಿಲ್ಲಿಗೆ ಹೊಸ ದಿಮ್ಮಿ ಕೊಯ್ಯಿಸಲು ಯಾರೂ ಬರುವುದಿಲ್ಲ. ಹೋಟೆಲಿನವರಿಗೆಲ್ಲ ಕೆಡವಿದ ಮನೆಗಳ ಹಳೇ ತೇಗವೇ ಬೇಕು, ಅದೂ ತೆಳು ಹಲಗೆಯಾಗಿ, ಬೇಗ. ಜಯಶೀಲ ಪ್ರತಿ ಮರಕ್ಕೂ ಸುತ್ತಿಗೆಯಿಂದ ತಟ್ಟಿ, ಒಳಗೇನಾದರೂ ಹುದುಗಿದೆಯೇ ಎಂದು ಕಿವಿಗೊಟ್ಟು, ಆಮೇಲೆ ಕೊಯ್ಯುವವನು. ಹೊತ್ತು ಹಿಡಿಯುತ್ತದೆಂದು ಹೋದ ತಿಂಗಳು ಅದನ್ನು ನಿಲ್ಲಿಸಿ, ಮೊಳೆ ಹುಡುಕಲು ಅಯಸ್ಕಾಂತ ಕೊಟ್ಟೆ.

ಇವತ್ತಿನದು ನೌಪಾಡಾದ ಮನೆಯೊಂದರ ಬಾಗಿಲ ಚೌಕಟ್ಟು. ಮೊಳೆ ಇರಲಿಲ್ಲ. ಚೌಕಟ್ಟು ನಿಲ್ಲಿಸಿದ ಮುಹೂರ್ತದಲ್ಲಿ ಯಾರೋ ತೂತು ಕೊರೆದು, ನವರತ್ನದ ಹರಳು ತುಂಬಿ, ಮರದ ಬೆಣೆ ಬಡಿದಿದ್ದರು. ಅಯಸ್ಕಾಂತಕ್ಕೆ ಹರಳು ಸಿಗುತ್ತದೆಯೇ? ಊರಿನ ನಮ್ಮ ಮನೆಯ ಚೌಕಟ್ಟಿಗೂ ನಾನೇ ಹಾಗೆ ತುಂಬಿದ್ದೆ. ನೆನಪಾಗಲಿಲ್ಲ.

"ನಾಳೆಯಿಂದ ಮೊದಲಿನ ಹಾಗೇ ತಟ್ಟಿ ನೋಡುವ, ಧಣಿ," ಅಂದ ಜಯಶೀಲ. ಒಪ್ಪಿದೆ. ಆಮೇಲೆಯೇ ಸಮಾಧಾನವಾದದ್ದು.

ಸಂಜೆ ದಿವಾದ ಮನೆಯಿಂದ ಅವನ ಹೆಂಡತಿ ರತ್ನಾವತಿಯ ಫೋನ್.

"ಇವರನ್ನು ಮೆಷಿನ್‌ನಿಂದ ಬೇರೆ ಕಡೆ ಹಾಕಿ ಅಣ್ಣಾ. ಎರಡು ವರ್ಷದಿಂದ ಇವರಿಗೆ ಕಿವಿ ಸರಿ ಕೇಳುವುದಿಲ್ಲ. ನಿಮಗೆ ಹೇಳಬಾರದೂಂತ ಆಣೆ ಹಾಕಿಸಿದ್ದಾರೆ."

ಎರಡು ವರ್ಷ. ಅವನು ತಟ್ಟಿ, ಕಿವಿಗೊಟ್ಟು, ತಲೆಯಾಡಿಸುತ್ತಿದ್ದ. ಅದನ್ನು ನಂಬಿ ಮರದ ಇನ್ನೊಂದು ತುದಿ ಹಿಡಿದು ನಿಲ್ಲುತ್ತಿದ್ದವನು ನಾನು.

ಅದೇ ಮನೆಯ ಒಂಬತ್ತು ಚೌಕಟ್ಟು ಉಳಿದಿವೆ. ಬೆಳಿಗ್ಗೆ ಅವನು ತಟ್ಟುತ್ತಾನೆ, ತಲೆಯಾಡಿಸುತ್ತಾನೆ. ಆಗ ನಾನು ಅವನ ಮುಖ ನೋಡಿ "ಕೊಯ್ಯಿ" ಅನ್ನಬೇಕೋ, ರತ್ನಾವತಿ ಹೇಳಿದ್ದನ್ನು ಬಯಲು ಮಾಡಬೇಕೋ, ಇನ್ನೂ ಗೊತ್ತಿಲ್ಲ.